ಕರಾವಳಿಗೆ, ಘಟ್ಟಕ್ಕೆ ಟ್ಯಾಬ್ ಕೊಳ್ಳುವವರು ಓದಬೇಕಾದ ಸಾಲುಗಳು

ಹೊಸ ಟ್ಯಾಬ್ ಅನಾವರಣಗೊಂಡ ರಾತ್ರಿಯೇ ಜನ ಎರಡು ಪಂಗಡವಾಗುತ್ತಾರೆ. ಇನ್ನು ಲ್ಯಾಪ್‌ಟಾಪ್ ಬೇಡ ಅನ್ನುವವರು ಒಂದು ಕಡೆ, ಇದು ಬರೀ ದೊಡ್ಡ ಫೋನು ಅನ್ನುವವರು ಇನ್ನೊಂದು ಕಡೆ. ಶಿರಸಿಯ ಅಂಗಡಿಯಲ್ಲಿ ಮಗಳ ಓದಿಗೂ ಆಗಬೇಕು, ತೋಟದ ಲೆಕ್ಕಕ್ಕೂ ಆಗಬೇಕು ಎಂದು ಕೇಳುವವರಿಗೆ ಈ ಎರಡೂ ಮಾತಿನಿಂದ ಉಪಯೋಗವಿಲ್ಲ. ವೇದಿಕೆಯ ಮೇಲೆ ಕಂಡದ್ದರ ಸುತ್ತ ಚರ್ಚೆ ನಡೆಯುತ್ತದೆ. ಸಾಧನ ಎಷ್ಟು ಕಾಲ ಕೈಹಿಡಿಯುತ್ತದೆ ಎಂಬುದು ವಿವರಪಟ್ಟಿಯ ಕೆಳಗಿನ ಸಾಲುಗಳಲ್ಲಿರುತ್ತದೆ.

2010ರ ಜನವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ಐಪ್ಯಾಡ್ ತೋರಿಸಿದಾಗಲೂ ಹೀಗೇ ಆಯಿತು. ಕ್ಯಾಮೆರಾ ಇಲ್ಲ, ಯುಎಸ್‌ಬಿ ಕಿಂಡಿ ಇಲ್ಲ, ವೆಬ್ ಪುಟಗಳ ವಿಡಿಯೊ, ಆಟಗಳಿಗೆ ಬೇಕಿದ್ದ ಫ್ಲ್ಯಾಶ್ ಓಡುವುದಿಲ್ಲ, ಎರಡು ಆ್ಯಪ್ ಒಟ್ಟಿಗೆ ನಡೆಯುವುದಿಲ್ಲ ಎಂಬ ದೂರುಗಳು ಮೊದಲ ದಿನವೇ ಬಂದವು. ಒಟ್ಟಿಗೆ ಆ್ಯಪ್ ನಡೆಸುವ ಸೌಲಭ್ಯ ಅದೇ ವರ್ಷದ ನವೆಂಬರ್‌ನ ಅಪ್‌ಡೇಟ್‌ನಲ್ಲಿ ಬಂತು, ಕ್ಯಾಮೆರಾ 2011ರ ಎರಡನೇ ಮಾದರಿಯಲ್ಲಿ ಬಂತು. ಮೊಬೈಲ್ ಫ್ಲ್ಯಾಶನ್ನು 2011ರ ಕೊನೆಯಲ್ಲಿ ಅದರ ಒಡೆಯ ಕಂಪನಿ ಅಡೋಬಿಯೇ ಕೈಬಿಟ್ಟಿತು. ಅಂದು ವೇದಿಕೆಯಲ್ಲಿ ಹೇಳದೇ ಉಳಿದ ಸಂಗತಿ, ತೆರೆದ ಕೆಲಸಗಳನ್ನು ಹಿಡಿದಿಡುವ ತಾತ್ಕಾಲಿಕ ನೆನಪು, ಅಂದರೆ 256 ಎಂಬಿ ರ‍್ಯಾಮ್. ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದು ಮೊದಲನೆಯದಕ್ಕೆ ಮರಳಿದರೆ ಅದು ಮತ್ತೆ ಮೊದಲಿನಿಂದ ಲೋಡ್ ಆಗುತ್ತಿತ್ತು. 2012ರಲ್ಲಿ ಬಂದ ಐಒಎಸ್ 6 ಎಂಬ ದೊಡ್ಡ ಅಪ್‌ಡೇಟ್ ಆ ಮಾದರಿಗೆ ಸಿಗಲೇ ಇಲ್ಲ. ಹಾಗಾಗಿ ಯಾವ ಟ್ಯಾಬ್ ಆದರೂ ಮೊದಲು ರ‍್ಯಾಮ್ ಎಷ್ಟು, ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ. ಅಪ್‌ಡೇಟಿನ ವರ್ಷಗಳನ್ನು ಕಂಪನಿ ಬರೆದು ಕೊಟ್ಟಿಲ್ಲವಾದರೆ ಆ ಟ್ಯಾಬ್ ನಾನು ಯಾರಿಗೂ ಹೇಳುವುದಿಲ್ಲ.

2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಬಿಡುಗಡೆಯಾದ, ಸರ್ಕಾರ ವಿದ್ಯಾರ್ಥಿಗಳಿಗಾಗಿ ತಂದ ಅಗ್ಗದ ಟ್ಯಾಬ್ ಆಕಾಶ್ ಇನ್ನೂ ಒಳ್ಳೆಯ ಉದಾಹರಣೆ. ಬಡ ಮಕ್ಕಳ ಕೈಗೆ ಕಂಪ್ಯೂಟರ್ ಬಂತು ಎಂದು ಹಲವರು ಹಿಗ್ಗಿದರು, ನಿಧಾನ ಎಂದು ಹಲವರು ತಳ್ಳಿಹಾಕಿದರು. 366 ಮೆಗಾಹರ್ಟ್ಸ್ ಪ್ರೊಸೆಸರ್ ನಿಜಕ್ಕೂ ನಿಧಾನವೇ. ಆದರೆ ಪರದೆಯ ಲೆಕ್ಕ ಹಾಕಿದವರು ಕಡಿಮೆ. ಉದ್ದ, ಅಗಲದ ಪಿಕ್ಸೆಲ್‌ಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದು, ಪರದೆಯ ಕರ್ಣದ ಇಂಚಿನಿಂದ ಭಾಗಿಸಿ, ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಎಂದು ಸಿಗುತ್ತದೆ. ಐಪ್ಯಾಡಿನ 1024×768, 9.7 ಇಂಚಿಗೆ 132 ಬರುತ್ತದೆ. ಆಕಾಶಿನ 800×480, 7 ಇಂಚಿಗೆ 133. ಬೆಲೆಯಲ್ಲಿ ಅಷ್ಟು ಅಂತರವಿದ್ದರೂ ಅಕ್ಷರದ ನಯದಲ್ಲಿ ಎರಡೂ ಒಂದೇ ಮಟ್ಟದವು.

ಕನ್ನಡ ಓದುವವರಿಗೆ ಈ ಸಂಖ್ಯೆ ಇಂಗ್ಲಿಷ್ ಓದುವವರಿಗಿಂತ ಮುಖ್ಯ. ನಮ್ಮ ಒತ್ತಕ್ಷರ ಮೂಲ ಅಕ್ಷರದ ಅರ್ಧದಷ್ಟು ಗಾತ್ರದಲ್ಲಿ ಕೆಳಗೆ ಕೂರುತ್ತದೆ. 130ರ ಆಸುಪಾಸಿನ ಪರದೆಯಲ್ಲಿ ಪಿಡಿಎಫ್ ಪಠ್ಯಪುಸ್ತಕದ ಪೂರ್ತಿ ಪುಟ ತೆರೆದರೆ ಒತ್ತುಗಳು ಕಲಸಿಹೋಗುತ್ತವೆ, ಪ್ರತಿ ಸಾಲಿಗೂ ಹಿಗ್ಗಿಸಬೇಕಾಗುತ್ತದೆ. 200 ದಾಟಿದ್ದನ್ನೇ ಕೊಳ್ಳಿ. 10.1 ಇಂಚಿಗೆ 1920×1200 ಇದ್ದರೆ 224 ಬರುತ್ತದೆ, ಸಾಕು. ಅದೇ ಅಳತೆಗೆ 1280×800 ಇದ್ದರೆ 149. ಅಗ್ಗದ ಮಾದರಿಗಳಲ್ಲಿ ಇದು ಈಗಲೂ ಸಿಗುತ್ತದೆ, ಕೊಳ್ಳಬೇಡಿ. ಅಂಗಡಿಯಲ್ಲೇ ಕೀಲಿಮಣೆ ತೆರೆದು ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಗೋಕರ್ಣ’ ಎಂದು ಬರೆದು ನೋಡಿ. ಮೂರು ವ್ಯಂಜನಗಳ ಒತ್ತು ಮತ್ತು ಅರ್ಕಾವತ್ತು ಸಣ್ಣ ಅಕ್ಷರದಲ್ಲೂ ಬಿಡಿಬಿಡಿಯಾಗಿ ಕಾಣಬೇಕು. ಹಳೆಯ ನುಡಿ ಫಾಂಟಿನ ಕಡತ ತೆರೆದಾಗ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ ಅದು ಟ್ಯಾಬಿನ ದೋಷವಲ್ಲ, ಆ ಫಾಂಟ್ ಅದರಲ್ಲಿಲ್ಲ, ಅಷ್ಟೇ. ಕಂಪ್ಯೂಟರಿನಲ್ಲಿ ಯೂನಿಕೋಡಿಗೆ ಬದಲಿಸಿ, ಇಲ್ಲವೇ ಫಾಂಟ್ ಒಳಗೊಂಡ ಪಿಡಿಎಫ್ ಮಾಡಿ ಕಳಿಸಿ.

ಆಕಾಶಿನ ಒತ್ತುವ ಪರದೆಯ ಬಗೆಗೂ ಸಾಕಷ್ಟು ಟೀಕೆ ಬಂತು. ಎರಡು ಪದರಗಳು ಒತ್ತಡಕ್ಕೆ ತಾಗಿದರೆ ಮಾತ್ರ ಅದಕ್ಕೆ ಗೊತ್ತಾಗುತ್ತಿತ್ತು. ಈಗಿನ ಪರದೆ ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸುತ್ತದೆ, ಹಗುರ ಸ್ಪರ್ಶ ಸಾಕು. ಇದರ ತೊಂದರೆ ನಮ್ಮ ಮಳೆಗಾಲದಲ್ಲಿ ಕಾಣುತ್ತದೆ. ನೀರಿನ ಹನಿಯನ್ನೂ ಬೆರಳು ಎಂದುಕೊಳ್ಳುತ್ತದೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಕಾರವಾರದ ಬಂದರಿನಲ್ಲಿ ಮೀನಿನ ಲೆಕ್ಕ ಬರೆಯುವವರ ಕೈಯಲ್ಲಿ ಪರದೆ ತಾನೇ ಒತ್ತಿಕೊಂಡಂತೆ ವರ್ತಿಸುತ್ತದೆ. ಒಣ ಹತ್ತಿಬಟ್ಟೆ ಜೊತೆಗಿರಲಿ, ಕೈ ಒದ್ದೆಯಾಗುವ ಕೆಲಸಕ್ಕೆ ರಬ್ಬರ್ ತುದಿಯ ಪೆನ್ ಇಟ್ಟುಕೊಳ್ಳಿ.

ಕರಾವಳಿಯಲ್ಲಿ ಟ್ಯಾಬ್ ಹಾಳಾಗುವುದು ಹೆಚ್ಚಾಗಿ ಚಾರ್ಜಿಂಗ್ ಕಿಂಡಿಯಿಂದ. ಉಪ್ಪಿನ ಕಣ ಗಾಳಿಯ ತೇವ ಹೀರುತ್ತದೆ, ಆದ್ದರಿಂದ ಒರೆಸಿದ ಮೇಲೂ ಕಿಂಡಿ ಒಣಗುವುದಿಲ್ಲ. ಆ ತೇವದಲ್ಲೇ ಕೇಬಲ್ ಸಿಕ್ಕಿಸಿದರೆ 5 ವೋಲ್ಟಿನ ಪಿನ್ನಿನಿಂದ ಪಕ್ಕದ ಪಿನ್ನಿಗೆ ವಿದ್ಯುತ್ ಹರಿದು ಲೋಹ ಸವೆಯುತ್ತದೆ, ಹಸಿರು ಅಥವಾ ಕಪ್ಪು ಕಲೆ ಮೂಡುತ್ತದೆ. ಆಮೇಲೆ ಚಾರ್ಜ್ ಒಮ್ಮೆ ಆಗುತ್ತದೆ, ಒಮ್ಮೆ ಇಲ್ಲ. ತೇವದ ಎಚ್ಚರಿಕೆ ಪರದೆಯ ಮೇಲೆ ಬಂದರೆ ಕೇಬಲ್ ತೆಗೆದು, ಆಫ್ ಮಾಡಿ, ಕಿಂಡಿ ಕೆಳಮುಖವಾಗಿ ಫ್ಯಾನಿನ ಗಾಳಿಗೆ ಒಂದು ದಿನ ಇಡಿ. ಅಕ್ಕಿ ಡಬ್ಬದಲ್ಲಿ ಇಡುವುದು ಬೇಡ, ಹಿಟ್ಟಿನ ಪುಡಿ ಕಿಂಡಿಯಲ್ಲಿ ಕೂತು ಗಟ್ಟಿಯಾಗುತ್ತದೆ. ಉಪ್ಪುನೀರೇ ತಾಗಿದ್ದರೆ 99 ಶೇಕಡಾ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಮೃದುವಾದ ಬ್ರಷ್ ಅದ್ದಿ ಮೆಲ್ಲಗೆ ಉಜ್ಜಬೇಕು, ಸಾಧನ ಆಫ್ ಆಗಿರಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಟ್ಯಾಬ್ ಇಟ್ಟರೆ ಬಹುಪಾಲು ತೊಂದರೆ ತಪ್ಪುತ್ತದೆ.

ಇನ್ನು ಕರೆಂಟು. ಮಳೆಗೆ ಮರ ಲೈನಿನ ಮೇಲೆ ಬಿದ್ದರೆ ಘಟ್ಟದ ಹಳ್ಳಿಗಳಿಗೆ ಯಾವಾಗ ಬರುತ್ತದೆ ಹೇಳಲಾಗದು. ಆದ್ದರಿಂದ ಬ್ಯಾಟರಿ ಎಷ್ಟು ಶಕ್ತಿ ಹಿಡಿಯುತ್ತದೆ ಎಂದು ವ್ಯಾಟ್ ಗಂಟೆಯಲ್ಲಿ ಅಳೆಯಿರಿ: ವಿವರಪಟ್ಟಿಯ ಎಂಎಎಚ್ (mAh) ಸಂಖ್ಯೆಯನ್ನು ಸಾಮಾನ್ಯ 3.7 ವೋಲ್ಟಿನಿಂದ ಗುಣಿಸಿ 1000ದಿಂದ ಭಾಗಿಸಿ. ಆಕಾಶಿನ 2100 ಎಂಎಎಚ್ ಅಂದರೆ 8ಕ್ಕೂ ಕಡಿಮೆ, ಮೊದಲ ಐಪ್ಯಾಡ್ 25. ಓದಿಗೆ ಮಧ್ಯಾಹ್ನವೇ ಕೈಕೊಡುವ ಟ್ಯಾಬ್ ಯಾವುದು ಎಂದು ಈ ಒಂದು ಲೆಕ್ಕದಿಂದಲೇ ತಿಳಿಯುತ್ತಿತ್ತು. ಈಗಿನ 8000 ಎಂಎಎಚ್ ಟ್ಯಾಬಿಗೆ ಸುಮಾರು 30 ವ್ಯಾಟ್ ಗಂಟೆ ಬೇಕು. 10000 ಎಂಎಎಚ್ ಪವರ್ ಬ್ಯಾಂಕಿನಲ್ಲಿ 37 ಇರುತ್ತದೆ, ಆದರೆ 5 ವೋಲ್ಟಿಗೆ ಏರಿಸುವಾಗ, ಕೇಬಲಿನಲ್ಲಿ, ಮತ್ತೆ ಟ್ಯಾಬಿನೊಳಗೆ ಸೋರಿ ಮೂರರಲ್ಲಿ ಎರಡು ಪಾಲು ಮಾತ್ರ ತಲುಪುತ್ತದೆ. ಅಂದರೆ ಒಮ್ಮೆಯೂ ತುಂಬದು, 20000ದ್ದು ಬೇಕು.

ತೋಟದ ಕೆಲಸಕ್ಕೆ ಕೊಳ್ಳುವವರು ಜಿಪಿಎಸ್ ಸಾಲನ್ನು ತಪ್ಪದೇ ನೋಡಿ. ಬೆಳೆ ಸಮೀಕ್ಷೆಯ ಆ್ಯಪ್, ಸರ್ವೆ ನಂಬರ್ ತೋರಿಸುವ ದಿಶಾಂಕ್ ಎರಡಕ್ಕೂ ನೀವು ನಿಂತ ಜಾಗ ಗೊತ್ತಾಗಬೇಕು. ಬರೀ ವೈಫೈ ಇರುವ ಐಪ್ಯಾಡಿನಲ್ಲಿ ಜಿಪಿಎಸ್ ಇಲ್ಲ. ಫೋನಿನ ಹಾಟ್‌ಸ್ಪಾಟ್‌ನಿಂದ ಇಂಟರ್‌ನೆಟ್ ಸಿಗುತ್ತದೆ ಎಂದು ನಂಬಿ ತೋಟಕ್ಕೆ ಇಳಿದರೆ, ಟವರೇ ಸಿಗದ ಕಣಿವೆಯಲ್ಲಿ ನಿಮ್ಮ ಜಾಗ ತೋರುವ ನಕ್ಷೆಯ ಚುಕ್ಕೆ ಎಲ್ಲೋ ಕೂರುತ್ತದೆ. ಜಿಪಿಎಸ್ ಇದ್ದರೂ ಅಡಿಕೆ ಸೋಗೆಯ ದಟ್ಟ ನೆರಳಿನಲ್ಲಿ ಪಕ್ಕದವರ ಸರ್ವೆ ನಂಬರಿಗೆ ಜಿಗಿಯುವುದುಂಟು. ಮೊದಲು ಆಕಾಶ ಕಾಣುವ ಬಯಲಿನಲ್ಲಿ ಎರಡು ನಿಮಿಷ ನಿಂತು ಚುಕ್ಕೆ ನಿಲ್ಲಲಿ, ಆಮೇಲೆ ತೋಟದ ಅಂಚಿಗೆ ನಡೆದು ಫೋಟೊ ತೆಗೆಯಿರಿ.