ಯೂರೋ ಬಿಕ್ಕಟ್ಟಿಗೆ ನಾನು ಸ್ಪೇನಿನಿಂದ ಶುರು ಮಾಡುವುದೇಕೆ

2010ರ ಸುಮಾರಿಗೆ ಯೂರೋ ಬಳಸುವ ಕೆಲವು ದೇಶಗಳ ಸರ್ಕಾರಗಳು ಸಾಲದಲ್ಲಿ ಸಿಕ್ಕಿಬಿದ್ದದ್ದೇ ಯೂರೋ ಬಿಕ್ಕಟ್ಟು. ತರಗತಿಯಲ್ಲಿ ಅದರ ಪಾಠವನ್ನು ಗ್ರೀಸಿನಿಂದ ಶುರು ಮಾಡಿದರೆ ಹುಡುಗರು ಐದೇ ನಿಮಿಷದಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ: ಲೆಕ್ಕ ಮುಚ್ಚಿಟ್ಟರು, ದುಂದು ಮಾಡಿದರು, ಅನುಭವಿಸಿದರು. ಮುಚ್ಚಿಟ್ಟದ್ದು ನಿಜವೇ. 2009ರಲ್ಲಿ ಹೊಸ ಸರ್ಕಾರ ಬಂದು ಕಡತ ಬಿಚ್ಚಿದ ಮೇಲೆ ಆ ವರ್ಷದ ಬಜೆಟ್ ಕೊರತೆ (ಆದಾಯ ಮೀರಿದ ಖರ್ಚು) ಕಡೆಗೆ ಜಿಡಿಪಿಯ ಶೇ. 15 ದಾಟಿತು. ಸರಿ, ಹಾಗಾದರೆ ಸ್ಪೇನ್ ಮಾಡಿದ ತಪ್ಪೇನು?

2007ರಲ್ಲಿ ಸ್ಪೇನ್ ಸರ್ಕಾರದ ಸಾಲ ಜಿಡಿಪಿಯ ಸುಮಾರು ಶೇ. 36. ಜರ್ಮನಿಯದು ಶೇ. 60 ಮೀರಿತ್ತು. ಸ್ಪೇನಿನ ಬಜೆಟ್‌ನಲ್ಲಿ ಆಗ ಹಣ ಮಿಕ್ಕುತ್ತಿತ್ತು. ಕೊರತೆ ಜಿಡಿಪಿಯ ಶೇ. 3 ಮೀರಬಾರದೆಂದು ಯೂರೋ ದೇಶಗಳಿಗಿದ್ದ ಮಾಸ್ಟ್ರಿಕ್ಟ್ ಒಪ್ಪಂದದ ನಿಯಮವನ್ನು 2003ರಲ್ಲಿ ಮುರಿದವರಲ್ಲಿ ಜರ್ಮನಿ, ಫ್ರಾನ್ಸ್ ಇದ್ದವು. ಅವಕ್ಕೆ ದಂಡ ಬೀಳಲೇ ಇಲ್ಲ. ಸ್ಪೇನಿನಲ್ಲಿ ಉಬ್ಬಿದ್ದು ಖಾಸಗಿ ಸಾಲ. ಉತ್ತರ ಯೂರೋಪಿನ ಬ್ಯಾಂಕುಗಳ ಹಣ ಅಗ್ಗದ ಬಡ್ಡಿಗೆ ಬಂದು ಮನೆ, ಜಮೀನುಗಳಲ್ಲಿ ಕೂತಿತ್ತು. ಬೆಲೆ ಕುಸಿದಾಗ ತೆರಿಗೆ ಬತ್ತಿತು, ನಿರುದ್ಯೋಗ ಭತ್ಯೆಯ ಹೊರೆ ಏರಿತು, ಬ್ಯಾಂಕುಗಳ ನಷ್ಟ ಸರ್ಕಾರದ ಹೆಗಲೇರಿತು. ಐರ್ಲೆಂಡಿನಲ್ಲಂತೂ ಬ್ಯಾಂಕುಗಳನ್ನು ಉಳಿಸಹೋಗಿ 2010ರ ಕೊರತೆ ಜಿಡಿಪಿಯ ಶೇ. 30 ದಾಟಿತು.

ಇನ್ನು ಬ್ರಿಟನ್. 2011ರಲ್ಲಿ ಅದರ ಸಾಲದ ಪ್ರಮಾಣ ಸ್ಪೇನಿಗಿಂತ ಹೆಚ್ಚಿತ್ತು, ಆದರೂ ಕಡಿಮೆ ಬಡ್ಡಿಗೆ ಸಾಲ ಸಿಗುತ್ತಿತ್ತು. ಪೌಂಡ್ ಬ್ರಿಟನ್ನಿನದೇ, ಸರ್ಕಾರದ ಬಾಂಡು (ಸಾಲಪತ್ರ) ಕೊಳ್ಳುವವರು ಸಿಗದಿದ್ದರೆ ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ ಕೊಳ್ಳುತ್ತದೆಂಬ ನಂಬಿಕೆ ಎಲ್ಲರಿಗೂ ಇತ್ತು. ಸ್ಪೇನಿಗೆ ತನ್ನದೇ ಕರೆನ್ಸಿ ಇಲ್ಲ, ಇರುವುದು ಎಲ್ಲರ ಯೂರೋ; ಅದರ ಬೆನ್ನಿಗೆ ಅಂಥವರು ಯಾರೂ ಇರಲಿಲ್ಲ. ಕರೆನ್ಸಿಯ ಬೆಲೆ ಇಳಿಸಿ ರಫ್ತು ಹೆಚ್ಚಿಸಿಕೊಳ್ಳುವ ದಾರಿಯೂ ಇಲ್ಲ. ಉಳಿದದ್ದು ಸಂಬಳ ಇಳಿಸುವುದು, ಖರ್ಚು ಕಡಿಯುವುದು.

ನನಗೆ ಇಂದಿಗೂ ಸಿಟ್ಟು ಬರುವುದು ಇಲ್ಲಿ. ಸಾಲದ ಪ್ರಮಾಣವೆಂದರೆ ಮೇಲೆ ಸಾಲ, ಕೆಳಗೆ ಜಿಡಿಪಿ. ಹಿಂಜರಿತದ ನಡುವೆ ಖರ್ಚು ಕಡಿದರೆ ಕೆಳಗಿನ ಸಂಖ್ಯೆಯೇ ಕುಗ್ಗುತ್ತದೆ. 2012ರಲ್ಲಿ ಗ್ರೀಸ್ ತನ್ನ ಕನಿಷ್ಠ ವೇತನವನ್ನು ತಿಂಗಳಿಗೆ 751 ಯೂರೋದಿಂದ 586ಕ್ಕೆ ಇಳಿಸಬೇಕಾಯಿತು. 25ರೊಳಗಿನವರಿಗೆ ಇನ್ನೂ ಕಡಿಮೆ. ಅದೇ ವರ್ಷ ಗ್ರೀಸಿಗೆ ಸಾಲ ಕೊಟ್ಟಿದ್ದ ಖಾಸಗಿಯವರು ತಮ್ಮ ಕೈಲಿದ್ದ ಬಾಂಡುಗಳ ಮುಖಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಿಟ್ಟುಕೊಟ್ಟರು. ಅಷ್ಟಾದರೂ 2013ರಲ್ಲಿ ಸಾಲದ ಪ್ರಮಾಣ 2009ಕ್ಕಿಂತ ಬಹಳ ಮೇಲಿತ್ತು. ಅಷ್ಟರಲ್ಲಿ ಆರ್ಥಿಕತೆಯ ಕಾಲು ಭಾಗ ಕರಗಿಹೋಗಿತ್ತು, ದುಡಿಯಬಲ್ಲ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಕೆಲಸವಿರಲಿಲ್ಲ. ಖರ್ಚು ಕಡಿತದ ಪೆಟ್ಟು ಅಂದಾಜಿಗಿಂತ ಹೆಚ್ಚು ಬಿತ್ತೆಂದು ಗ್ರೀಸಿಗೆ ಷರತ್ತಿನ ಸಾಲ ಕೊಟ್ಟಿದ್ದ ಐಎಂಎಫ್‌ನ (ಅಂತರರಾಷ್ಟ್ರೀಯ ಹಣಕಾಸು ನಿಧಿಯ) ಅರ್ಥಶಾಸ್ತ್ರಜ್ಞರಾದ ಬ್ಲಾಂಷಾರ್ ಮತ್ತು ಲೀ ಅವರೇ 2013ರ ಜನವರಿಯಲ್ಲಿ ಬರೆದರು.

2012ರ ಜುಲೈನಲ್ಲಿ ಸ್ಪೇನಿನ ಹತ್ತು ವರ್ಷದ ಬಾಂಡಿನ ಬಡ್ಡಿ ಶೇ. 7 ದಾಟಿತ್ತು. ಅದೇ ತಿಂಗಳ 26ರಂದು ಯೂರೋಪಿಯನ್ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಮಾರಿಯೋ ದ್ರಾಗಿ ಲಂಡನ್ನಿನಲ್ಲಿ, ಯೂರೋ ಉಳಿಸಲು ತಮ್ಮ ಅಧಿಕಾರದೊಳಗೆ ಏನು ಬೇಕಾದರೂ ಮಾಡುತ್ತೇವೆ ಎಂದರು. ಸೆಪ್ಟೆಂಬರಿನಲ್ಲಿ ಬಾಂಡು ಕೊಳ್ಳುವ ಯೋಜನೆ ಬಂತು. ಅದರಡಿ ಇಂದಿನವರೆಗೆ ಒಂದು ಬಾಂಡನ್ನೂ ಕೊಂಡಿಲ್ಲ. ಮಾತಿಗೇ ಬಡ್ಡಿ ಇಳಿಯಿತು. ಆ ಮಾತನ್ನು 2010ರಲ್ಲೇ ಆಡಬಹುದಿತ್ತು. ಅದು ಬಿಟ್ಟು, 2011ರಲ್ಲಿ ಅದೇ ಬ್ಯಾಂಕು ಎರಡು ಸಲ ಬಡ್ಡಿ ದರ ಏರಿಸಿತು.

2020ರಲ್ಲಿ ಕೋವಿಡ್ ಬಂದಾಗ ಯೂರೋಪಿಯನ್ ಒಕ್ಕೂಟದ ದೇಶಗಳು ಒಟ್ಟಾಗಿ 750 ಬಿಲಿಯನ್ ಯೂರೋ ನಿಧಿಗೆ ಸಾಲ ಎತ್ತಲು ಒಪ್ಪಿದವು. ಅದೂ ತಾತ್ಕಾಲಿಕ ಎಂಬ ಷರತ್ತಿನ ಮೇಲೆ. ಒಂದು ದೇಶದಲ್ಲಿ ಕೆಲಸ ಹೋದವರಿಗೆ ಒಕ್ಕೂಟದ ಬೊಕ್ಕಸದಿಂದಲೇ ಭತ್ಯೆ ಕೊಡುವಂಥ ಕಾಯಂ ವ್ಯವಸ್ಥೆಯನ್ನು ಅವರು ಇನ್ನೂ ಕಟ್ಟಿಲ್ಲ. ಅದನ್ನು ಕಟ್ಟಲೇಬೇಕು, ಮುಂದಿನ ಹಿಂಜರಿತ ಬರುವ ಮೊದಲೇ.