ಕೊಡಗಿಗೆ ಹೊಳೆಗಲ್ಲು ಆಯಲು ಹೋಗುವವರಿಗೆ

ಮಡಿಕೇರಿಯ ಒಂದು ಅಂಗಡಿಯಲ್ಲಿ 350 ರೂಪಾಯಿ ಕೊಟ್ಟು ನಾನೊಂದು ನೀಲಿ ಕಲ್ಲು ಕೊಂಡೆ. ನೆಲ್ಲಿಕಾಯಿಯಷ್ಟು ಗಾತ್ರ, ಎಣ್ಣೆ ಸವರಿದಂಥ ಹೊಳಪು. "ಕಾವೇರಿಯಲ್ಲೇ ಸಿಕ್ಕಿದ್ದು ಸಾರ್, ಪಾಲಿಶ್ ಮಾತ್ರ ನಮ್ಮದು" ಎಂದರು ಅಂಗಡಿಯವರು. ಮೈಸೂರಿಗೆ ಬಂದ ಮೇಲೆ ಅಕ್ಕನ ಮಗ ಅದನ್ನು ಮೊಬೈಲಿನ ಟಾರ್ಚಿಗೆ ಹಿಡಿದು ನೋಡಿ, "ಮಾವ, ಇದು ಕಾವೇರಿಯನ್ನು ಕನಸಿನಲ್ಲೂ ಕಂಡದ್ದಲ್ಲ" ಎಂದ. ಒಳಗೆ ಈರುಳ್ಳಿಯ ಪದರಗಳಂತೆ ಗೆರೆಗಳಿದ್ದವು. ಬಿರುಕುಗಳಿದ್ದ ಕಡೆ ನೀಲಿ ಇನ್ನೂ ಗಾಢವಾಗಿತ್ತು. ಅದು ಬಣ್ಣ ಕುಡಿಸಿದ ಅಗೇಟ್ ಎಂಬ ಪದರಗಲ್ಲು.

ಅಗೇಟ್ ಹುಟ್ಟುವುದು ಹೆಚ್ಚಾಗಿ ಲಾವಾ ಕಲ್ಲಿನ ಪೊಳ್ಳುಗಳಲ್ಲಿ. ದಖ್ಖನ್ನಿನ ಲಾವಾ ನಮ್ಮ ರಾಜ್ಯದಲ್ಲಿ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಕಡೆ ಹಾಸಿಕೊಂಡಿದೆ, ಕೊಡಗಿನವರೆಗೆ ಅದು ಬಂದೇ ಇಲ್ಲ. ಗುಜರಾತಿನ ಖಂಭಾತ್ ಈ ಕಲ್ಲಿನ ಕೆಲಸಕ್ಕೆ ಬಹಳ ಹಿಂದಿನಿಂದ ಹೆಸರಾದ ಊರು. ನನ್ನ ಕಲ್ಲು ಅಲ್ಲಿಂದಲೇ ಬಂದಿರಬಹುದು. ಆದ್ದರಿಂದ ಗೆರೆಗೆರೆಯ ನೀಲಿ, ಗುಲಾಬಿ, ಗಿಳಿಹಸಿರು ಕಲ್ಲುಗಳನ್ನು ಯಾರಾದರೂ ಕಾವೇರಿಯ ಹೆಸರು ಹೇಳಿ ಮಾರಿದರೆ ಮುಂದಿನ ಅಂಗಡಿಗೆ ನಡೆಯಿರಿ.

ಕೊಡಗಿನ ಅಸಲಿ ಕಲ್ಲು ನೋಡಲು ಅಷ್ಟು ಸೊಗಸಿಲ್ಲ. ಆದರೆ 300 ಕೋಟಿ ವರ್ಷಕ್ಕೂ ಹಳೆಯದು. ಬೂದು, ಕಪ್ಪು, ಮಾಸಲು ಬಿಳಿ. ನನ್ನ ಅಕ್ಕನ ಮಗ ಕಲ್ಲು ಉರುಳಿಸಿ ನಯ ಮಾಡುವ ಟಂಬ್ಲರ್ ತರಿಸಿಕೊಂಡಿದ್ದಾನೆ (ಕಾಫಿ ಕುಡಿಯುವ ಟಂಬ್ಲರ್ ಅಲ್ಲ, ಮೋಟಾರಿನಿಂದ ತಿರುಗುವ ರಬ್ಬರ್ ಪೀಪಾಯಿ). ಅದಕ್ಕೆ ಮೇವು ಬೇಕಿತ್ತು. ಸಮುದ್ರ ತೀರಕ್ಕೆ ಹೋಗೋಣವೆಂದರೆ ನಮ್ಮ ಕರಾವಳಿಯಲ್ಲಿ ಬಹುಪಾಲು ಮರಳೇ. ಹೊಳೆಯ ಪಾತ್ರವೇ ಸರಿ ಎಂದು ಏಪ್ರಿಲ್‌ನಲ್ಲಿ ಮೂರು ದಿನಕ್ಕೆ ಹೊರಟೆವು. ನೀರು ಇಳಿದು ಕಲ್ಲು ಮೇಲೆ ಕಾಣುವುದು ಆಗಲೇ. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಹೊಳೆಗೆ ಇಳಿಯುವ ಯೋಚನೆ ಬೇಡ.

ನಾವು ಹೋದದ್ದು ಬಲಮುರಿಗೆ. ಶ್ರೀರಂಗಪಟ್ಟಣದ ಹತ್ತಿರದ ಬಲಮುರಿಯಲ್ಲ, ಮೂರ್ನಾಡಿನಿಂದ ಒಳಕ್ಕೆ ಹೋದರೆ ಸಿಗುವ ಕೊಡಗಿನ ಬಲಮುರಿ. ಕಾವೇರಿ ಹರಿದ ರಭಸಕ್ಕೆ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು, ಕೊಡವ ಹೆಂಗಸರು ನೆರಿಗೆಯನ್ನು ಹಿಂದೆ ಉಡುವುದು ಅದಕ್ಕೇ ಎಂದು ಕಥೆ ಹೇಳುವ ಜಾಗ ಇದು. ದೇವಸ್ಥಾನದ ಬಳಿಯ ಕಲ್ಲು ಮುಟ್ಟಬೇಡಿ. ತಲಕಾವೇರಿ, ಭಾಗಮಂಡಲದ ಸಂಗಮಕ್ಕೂ ಇದೇ ಮಾತು. ಮೊದಲನೆಯದಾಗಿ ಅದು ಜನರ ಪೂಜೆಯ ಸ್ಥಳ. ಎರಡನೆಯದಾಗಿ ತಲಕಾವೇರಿ, ಪುಷ್ಪಗಿರಿ, ಬ್ರಹ್ಮಗಿರಿ ವನ್ಯಜೀವಿ ಧಾಮಗಳು. ಕಾಡಿನೊಳಗಿನ ಕಲ್ಲು ಕೂಡ ಅರಣ್ಯ ಉತ್ಪನ್ನವೆಂದೇ ಕಾನೂನಿನ ಲೆಕ್ಕ.

ಇಷ್ಟು ಗೊತ್ತಿದ್ದೂ ನಾವು ಸಿಕ್ಕಿಬಿದ್ದೆವು. ದೇವಸ್ಥಾನದಿಂದ ದೂರವಿರಲೆಂದು ಹೊಳೆಯ ಅಂಚಿನಲ್ಲೇ ಅರ್ಧ ಗಂಟೆ ನಡೆದು ಕಲ್ಲು ಆಯುತ್ತಿದ್ದಾಗ ಮೇಲಿನ ಕಾಫಿ ತೋಟದಿಂದ ಹಿರಿಯರೊಬ್ಬರು ಕತ್ತಿ ಹಿಡಿದು ಇಳಿದು ಬಂದರು. ಕತ್ತಿ ಗಿಡ ಸವರುವುದು, ಆದರೂ ಕತ್ತಿ ಕತ್ತಿಯೇ. "ಏನು, ಹರಳು ಕಲ್ಲಾ?" ಎಂದು ಕೇಳಿದರು. ಕೊಡಗಿನ ಕಾಡಂಚಿನಲ್ಲಿ ಕೆಂಪು ಹರಳಿಗಾಗಿ ಕದ್ದು ಗುಂಡಿ ತೋಡುವ ದಂಧೆ ಹಳೆಯದು. ಹೊರಗಿನವರು ಚೀಲ ಹಿಡಿದು ಬಗ್ಗಿದರೆ ಜನಕ್ಕೆ ಮೊದಲು ನೆನಪಾಗುವುದು ಅದೇ. ಚೀಲವನ್ನು ನೆಲಕ್ಕೆ ಸುರಿಯಲು ಹೇಳಿದರು, ಸುರಿದೆವು. ಒಂದೊಂದನ್ನೇ ಕಾಲಿನಿಂದ ಸರಿಸಿ ನೋಡಿ, "ಇದಕ್ಕೋಸ್ಕರ ಮೈಸೂರಿನಿಂದ ಬಂದಿರಾ? ನಮ್ಮ ದನದ ಕೊಟ್ಟಿಗೆಗೆ ಹಾಸಿರುವುದೇ ಇದು" ಎಂದು ನಕ್ಕರು. ಆಮೇಲೆ ಅವರೇ ತೋಟದೊಳಗಿನ ಹತ್ತಿರದ ದಾರಿ ತೋರಿಸಿದರು. ಹೊಳೆಯ ದಡದ ಬಹುಪಾಲು ಖಾಸಗಿ ತೋಟ. ಮೊದಲೇ ಹೋಗಿ, "ಅಣ್ಣ, ಸ್ವಲ್ಪ ಕಲ್ಲು ನೋಡಿಕೊಂಡು ಹೋಗುತ್ತೇವೆ" ಎಂದು ಕೇಳಿದ್ದರೆ ಈ ಅವಮಾನ ತಪ್ಪುತ್ತಿತ್ತು.

ಊಟ ಎಲ್ಲಿ ಎಂದು ಕೇಳಿದಾಗ ಅವರೇ ಹೇಳಿದ್ದು ಮೂರ್ನಾಡಿನ ಒಂದು ಸಣ್ಣ ಹೋಟೆಲು. ಹೆಸರಿನ ಫಲಕವೂ ಇಲ್ಲ, ಮೂರು ಮೇಜು, ಒಂದರ ಕಾಲಿಗೆ ಇಟ್ಟಿಗೆ ಕೊಟ್ಟಿದ್ದಾರೆ. ಅನ್ನ ಮತ್ತು ಅಕ್ಕಿ ಹಿಟ್ಟು ಕಲಸಿ ತಟ್ಟಿ, ಕೆಂಡದ ಮೇಲೆ ಉಬ್ಬಿಸಿದ ಅಕ್ಕಿ ರೊಟ್ಟಿ. ಜೊತೆಗೆ ಎಳ್ಳಿನ ಪಜ್ಜಿ. ನಾನು ಐದು ರೊಟ್ಟಿ ತಿಂದೆ. ಹುಡುಗ ಕಡಂಬುಟ್ಟು (ಅಕ್ಕಿಯ ಕಡುಬು) ಮತ್ತು ಪಂದಿ ಕರಿ ತೆಗೆದುಕೊಂಡ. ಮಾಂಸಕ್ಕೆ ಕಾಚಂಪುಳಿ ಎಂಬ ಹಣ್ಣಿನ ಹುಳಿರಸದ ಕಡುಕಪ್ಪು ಬಣ್ಣ ಹಿಡಿದಿತ್ತು, ಹುಳಿ ನಾಲಿಗೆಯ ಬದಿಗೆ ಬಂದು ನಿಲ್ಲುತ್ತಿತ್ತು. ಬಡಿಸಿದ ಅಕ್ಕ ಕೇಳದೆಯೇ ಎರಡನೆಯ ಸಲ ಕರಿ ಹಾಕಿ, ಬಿಲ್ಲಿನಲ್ಲಿ ಒಂದೇ ಸಲದ ಹಣ ಬರೆದರು. ಇಬ್ಬರದೂ ಸೇರಿ ನನ್ನ ನೀಲಿ ಕಲ್ಲಿಗಿಂತ ಅಗ್ಗ. ಮಧ್ಯಾಹ್ನ ಒಂದೂವರೆಯೊಳಗೆ ಹೋಗಿ, ಆಮೇಲೆ ರೊಟ್ಟಿ ಉಳಿಯುವುದಿಲ್ಲ.

ಎರಡನೆಯ ದಿನ ಮಳೆ. ಹೋಂಸ್ಟೇಯ ಬಗ್ಗೆ ಬರೆಯಲು ಹೋದರೆ ರಕ್ತದೊತ್ತಡ ಏರುತ್ತದೆ. 'ಹೊಳೆಯ ನೋಟ' ಎಂದು ಹೆಚ್ಚಿಗೆ ಹಣ ಕೊಟ್ಟ ಕೋಣೆಯ ಕಿಟಕಿಯಿಂದ ಕಂಡದ್ದು ನೀರಿನ ಟ್ಯಾಂಕ್.

ಇನ್ನು ಕಲ್ಲು ಆಯುವ ವಿಷಯ. ಒದ್ದೆ ಕಲ್ಲನ್ನು ನಂಬಬೇಡಿ. ನೀರಿನಲ್ಲಿ ಪ್ರತಿಯೊಂದೂ ರತ್ನವೇ. ದಡದಲ್ಲಿ ಟವೆಲ್ ಹಾಸಿ ಒಣಗಲು ಬಿಡಿ. ಒಣಗುವಾಗ ಬಿರುಕುಗಳಲ್ಲಿ ಮಾತ್ರ ನೀರು ಉಳಿದು ಕಪ್ಪು ಗೆರೆ ಕಾಣುತ್ತದೆ, ಅಂಥವು ಪೀಪಾಯಿಯಲ್ಲಿ ಒಡೆಯುತ್ತವೆ, ಬಿಟ್ಟುಬಿಡಿ. ಉಳಿದವನ್ನು ಹಳೆಯ ಗಾಜಿನ ಬಾಟಲಿಗೆ ಉಜ್ಜಿ. ಗಾಜಿಗೆ ಆಳವಾಗಿ ಗೀರು ಬಿದ್ದು, ಕಲ್ಲು ಬೆಳ್ಳಗೆ, ಮೇಣದಂತಿದ್ದರೆ ಬೆಣಚು ಕಲ್ಲು. ಗಡಸುತನ ಹತ್ತಕ್ಕೆ 7, ಟಂಬ್ಲರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಸಿಗದು. ಬಿಳಿ–ಕಪ್ಪು ಪಟ್ಟೆಯ ಗ್ನೈಸ್ ಕಣ್ಣಿಗೆ ಚೆಂದ, ಆದರೆ ಕಪ್ಪು ಪಟ್ಟೆಯಲ್ಲಿ ಕಾಗೆಬಂಗಾರ ಇದ್ದರೆ ಮೋಸ. ಅದು ಉಗುರಿಗೂ ಪದರಪದರವಾಗಿ ಏಳುವಷ್ಟು ಮೃದು, ಬೇಗ ಸವೆದು ಕಲ್ಲಿನ ಮೈತುಂಬ ಸಿಡುಬಿನ ಗುಳಿ ಬೀಳುತ್ತದೆ. ಜಂಬಿಟ್ಟಿಗೆಯ ಕೆಂಪು ಉಂಡೆಗಳು ಕೆಸರೇ ಆಗಿಬಿಡುತ್ತವೆ. ನಮಗೆ ಒಂದು ಗ್ನೈಸ್ ಕಲ್ಲಿನಲ್ಲಿ ದಾಳಿಂಬೆ ಬೀಜದಂಥ ಕೆಂಪು ಚುಕ್ಕಿಗಳು ಸಿಕ್ಕಿದವು. ಅದು ಗಾರ್ನೆಟ್, ಹರಳು ಕಲ್ಲಿನ ಬಡ ನೆಂಟ. ಅದನ್ನು ಹಾಗೆಯೇ ಇಟ್ಟುಕೊಂಡಿದ್ದೇವೆ.

ಆಯ್ದದ್ದು ಹನ್ನೊಂದು ಕಿಲೋ. ಮಡಿಕೇರಿಯಿಂದ ಹಿಂದಿರುಗುವಾಗ ಬಸ್ಸಿನ ಕಂಡಕ್ಟರ್ ಚೀಲ ಎತ್ತಲು ಹೋಗಿ, ಎತ್ತಲಾಗದೆ, "ಏನಿದೆ ಇದರಲ್ಲಿ?" ಎಂದರು. "ಕಲ್ಲು" ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಲಗೇಜ್ ಟಿಕೆಟ್ ಹರಿದರು. ಕುಶಾಲನಗರದವರೆಗೆ ನಿಂತೇ ಬಂದೆವು. ಪ್ರತಿ ತಿರುವಿಗೂ ಚೀಲ ಯಾರದಾದರೂ ಕಾಲಿನ ಮೇಲೆ ಹೊರಳುತ್ತಿತ್ತು, ಬೈಗುಳ ನನಗೆ. ಭಾನುವಾರ ಸಂಜೆ ಹಿಂದಿರುಗುವ ತಪ್ಪು ಮಾಡಬೇಡಿ.

ಮನೆಯಲ್ಲಿ ಉರುಳಿಸಲು ಯೋಗ್ಯವಾದದ್ದು ಬರೀ ಎರಡು ಕಿಲೋ. ಪೀಪಾಯಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬಾರದು, ಅರ್ಧಕ್ಕಿಂತ ಕಡಿಮೆಯಾದರೆ ಕಲ್ಲುಗಳು ಒಂದಕ್ಕೊಂದು ಬಡಿದು ಚಕ್ಕೆ ಏಳುತ್ತವೆ. ದೊಡ್ಡದು, ಸಣ್ಣದು ಬೆರೆತಿರಲಿ. ಕಲ್ಲು ಸವೆಸುವ ಕಾರ್ಬೊರಂಡಂ ಪುಡಿ ಮೊದಲು ಒರಟು, ಆಮೇಲೆ ನಯ, ಇನ್ನೂ ನಯ, ಕೊನೆಗೆ ಅಲ್ಯೂಮಿನಿಯಂ ಆಕ್ಸೈಡಿನ ಪಾಲಿಶ್. ಒಂದೊಂದಕ್ಕೂ ಸುಮಾರು ಒಂದು ವಾರ, ಹಗಲು ರಾತ್ರಿ. ಪ್ರತಿ ಹಂತದ ನಡುವೆ ಕಲ್ಲನ್ನೂ ಪೀಪಾಯಿಯನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ಒರಟು ಪುಡಿಯ ಒಂದು ಕಣ ಉಳಿದರೂ ಪಾಲಿಶ್ ಕೆಡುತ್ತದೆ. ನಮ್ಮದು ಮೊದಲ ಸಲ ಕೆಟ್ಟಿತು.

ತೊಳೆದ ಬೂದು ರಾಡಿಯನ್ನು ಬಚ್ಚಲಿಗೆ ಮಾತ್ರ ಚೆಲ್ಲಬೇಡಿ. ಅದು ಕೊಳವೆಯ ತಳದಲ್ಲಿ ಕೂತು ಗಟ್ಟಿಯಾಗುತ್ತದೆ. ಅಕ್ಕನ ಮನೆಗೆ ಬಂದ ಪ್ಲಂಬರ್ ಕಂಬಿ ಹಾಕಿ ತಿವಿದು, "ಇದರೊಳಗೆ ಯಾರು ಸಿಮೆಂಟ್ ಸುರಿದದ್ದು?" ಎಂದು ಕೇಳಿದ. ಅವನು ತೆಗೆದುಕೊಂಡದ್ದು 800 ರೂಪಾಯಿ. ಈಗ ರಾಡಿಯನ್ನು ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು, ಕೆಳಗೆ ಕೂತದ್ದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಸಕ್ಕೆ ಹಾಕುತ್ತೇವೆ. ನೀಲಿ ಕಲ್ಲು ಅಕ್ಕನ ಫ್ರಿಜ್ಜಿನ ಮೇಲಿದೆ. ಬಂದ ನೆಂಟರೆಲ್ಲ ಮೊದಲು ಕೈಗೆತ್ತಿಕೊಳ್ಳುವುದು ಅದನ್ನೇ.