ಹಾಲಿಲ್ಲದ ಟೀ

ಸಂಜೆ ರಸೆಲ್ ಮಾರ್ಕೆಟ್ ಹತ್ತಿರ ಮಳೆಗೆ ಸಿಕ್ಕಿಬಿದ್ದೆ. ಪಕ್ಕದ ಹೋಟೆಲಿಗೆ ನುಗ್ಗಿ ಸುಲೈಮಾನಿ ಟೀ ಕೇಳಿದೆ. "ಹಾಲು ಬೇಡ್ವಾ ಸಾರ್?" ಅಂದ ಹುಡುಗ, ನನಗೇನೋ ಕಾಯಿಲೆ ಇದೆ ಅನ್ನೋ ಥರ ನೋಡುತ್ತಾ.

ಸುಮ್ನೆ ಮೌಲಾನಾ ಆಜಾದ್ ನೆನಪಾದರು. ಟೀಗೆ ಹಾಲು ಹಾಕಿದರೆ ಅವರಿಗೂ ಆಗುತ್ತಿರಲಿಲ್ಲ. 1942ರಲ್ಲಿ ಅವರನ್ನು ಅಹಮದ್‌ನಗರ ಕೋಟೆಯಲ್ಲಿ ಸೆರೆ ಇಟ್ಟಿದ್ದರು. ನಸುಕಿಗೇ ಎದ್ದು, ಚೀನಾದ ಮಲ್ಲಿಗೆ ಟೀ ತಾವೇ ಮಾಡಿಕೊಂಡು, ಗೆಳೆಯರೊಬ್ಬರಿಗೆ ಕಾಗದ ಬರೆಯುತ್ತಿದ್ದರು. ಕಾಗದ ಹೊರಗೆ ಹೋಗುವಂತಿರಲಿಲ್ಲ. ಆದರೂ ಬರೆದರು. 1943ರಲ್ಲಿ ಹೆಂಡತಿ ಜುಲೈಖಾ ಕಲ್ಕತ್ತೆಯಲ್ಲಿ ತೀರಿಕೊಂಡರು. ಇವರಿಗೆ ಮುಖ ನೋಡೋಕೂ ಆಗಲಿಲ್ಲ.

ಹುಟ್ಟಿದ್ದು 1888ರಲ್ಲಿ, ಮೆಕ್ಕಾದಲ್ಲಿ. ಅರಬ್ಬಿ, ಪಾರ್ಸಿ, ಧರ್ಮಶಾಸ್ತ್ರ ಎಲ್ಲಾ ಕಲಿತದ್ದು ಮನೆಯಲ್ಲೇ. ಕುರಾನನ್ನು ಉರ್ದುವಿಗೆ ತಂದು ವಿವರಣೆ ಬರೆದ ವಿದ್ವಾಂಸರು. 1912ರಲ್ಲಿ 'ಅಲ್ ಹಿಲಾಲ್' ವಾರಪತ್ರಿಕೆ ಶುರು ಮಾಡಿ ಬ್ರಿಟಿಷರ ಕಣ್ಣಿಗೆ ಬಿದ್ದರು. 1923ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದಾಗ ಇನ್ನೂ 35 ತುಂಬಿರಲಿಲ್ಲ! ನನ್ನ 35ರಲ್ಲಿ ನಾನು ಇಎಂಐ ಲೆಕ್ಕ ಹಾಕುತ್ತಿದ್ದೆ, ಇರಲಿ.

ನನಗೆ ಜಾಸ್ತಿ ಕಾಡೋದು ಬೇರೆ. ಮನೆಯಲ್ಲೇ ಓದಿದ ಮೌಲ್ವಿ, ಸ್ವತಂತ್ರ ಭಾರತದ ಮೊದಲ ಶಿಕ್ಷಣ ಮಂತ್ರಿ. 1951ರಲ್ಲಿ ಖರಗ್‌ಪುರದಲ್ಲಿ ಮೊದಲ ಐಐಟಿ ಶುರುವಾದದ್ದು ಅವರ ಕಾಲದಲ್ಲೇ. ನಮ್ಮೂರಿನ ಎಷ್ಟು ಟೆಕ್ಕಿಗಳಿಗೆ ಇದು ಗೊತ್ತಿದೆಯೋ!

ಮಳೆ ನಿಲ್ಲಲಿಲ್ಲ. ಎರಡನೇ ಲೋಟಕ್ಕೆ ಹಾಲು ಹಾಕಿಸಿಕೊಂಡೆ. ಹುಡುಗನಿಗೆ ಸಮಾಧಾನವಾಯಿತು.